ಜುಂಜಣ್ಣ ಎಂದು ಬರೆಸಿದವರು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದದ್ದು, ನೋಡಿದವರು ಯಾರು, ಎಷ್ಟು ಹೊತ್ತಿಗೆ, ಬೇರೆ ಸಾಕ್ಷಿ ಉಂಟಾ ಎಂದು. ಪತ್ರಿಕೋದ್ಯಮ ಓದಿದವರ ಚಾಳಿ ಅದು. ಕನಸಲ್ಲಿ ಸೂಚನೆ ಸಿಕ್ಕವರು, ಸತ್ತವರ ದನಿ ಕೇಳಿದವರು ನಮ್ಮ ಹಿಂದೂಪುರದ ಬೀದಿಯಲ್ಲೂ ಬೇಕಾದಷ್ಟು ಜನ ಇದ್ದರು. ಒಬ್ಬರನ್ನೂ ನಾನು ನಂಬಿದವಳಲ್ಲ. ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದೆ. ತರಗತಿಯಲ್ಲಿ ಬಾಯಿ ಬಿಟ್ಟರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ನನ್ನ ಕನ್ನಡದೊಳಗೆ ತೆಲುಗು ನುಸುಳುತ್ತಿತ್ತು. ಓದು ಮುಗಿದ ಮೇಲೆ ಚಾನೆಲ್‌ಗಳ ಮೆಟ್ಟಿಲು ಹತ್ತಿ ಇಳಿದೆ. ಒಂದು ಕಡೆ ಕ್ಯಾಮೆರಾ ಮುಂದೆ ಕೂರಿಸಿ ಓದಿಸಿ, "ಮುಖ ಓಕೆ, ಭಾಷೆ ಆಂಧ್ರ" ಅಂದರು. ಹೈದರಾಬಾದಿಗೆ ಹೋದರೆ ಅಲ್ಲಿ ನನ್ನ ತೆಲುಗಿನಲ್ಲಿ ಕನ್ನಡ ಕೇಳಿಸಿತು. ಅಮ್ಮ ಅಷ್ಟರಲ್ಲಿ "ನನ್ ಮಗ್ಳು ಟಿವೀಲಿ ಬತ್ತಾಳೆ" ಎಂದು ಬೀದಿಗೆಲ್ಲ ಹೇಳಿಬಿಟ್ಟಿದ್ದರು. ವಾಪಸು ಬಂದ ಮೇಲೆ ನಾನು ಹಾಲು ತರಲೂ ಹೊರಗೆ ಹೋಗುತ್ತಿರಲಿಲ್ಲ.

ಕೊನೆಗೆ ಗಡಿಭಾಗದ ಒಂದು ಸಣ್ಣ ಕನ್ನಡ ಪತ್ರಿಕೆ ಮೂರು ತಿಂಗಳು ಕೆಲಸ ನೋಡಿ ಖಾಯಂ ಮಾಡುತ್ತೇವೆಂದು ನನ್ನನ್ನು ತೆಗೆದುಕೊಂಡಿತು. ನನ್ನ ಪಾಲಿಗೆ ಬಂದದ್ದು ಕಲ್ಯಾಣದುರ್ಗ. ಅಲ್ಲೇ ಒಂದು ಕೋಣೆ ಹಿಡಿದೆ. ದಿನವೂ ಬರೆದದ್ದು ಸನ್ಮಾನ, ಉದ್ಘಾಟನೆ, ಮನವಿ ಪತ್ರ. ಕೊನೆಯ ವಾರ ಸಂಪಾದಕರ ಫೋನ್ ಬಂತು.

"ನೋಡಮ್ಮಾ, ಪ್ರೆಸ್‌ನೋಟು ಸಾಕು. ಈ ವಾರದಾಗೆ ಒಂದು ಸುದ್ದಿನಾದ್ರೂ ತಾ. ಇಲ್ಲಾಂದ್ರೆ ನಾನೇನೂ ಮಾಡಾಕಾಗಲ್ಲ."

ಮರುದಿನ ಸುದ್ದಿಗೆಂದು ನಾನು ನಂಬಿಕೊಂಡಿದ್ದ ಒಂದು ಸಭೆ ರದ್ದಾಯಿತು. ನಡುಮಧ್ಯಾಹ್ನ ಬಸ್ ನಿಲ್ದಾಣದ ಸಿಮೆಂಟು ಕಟ್ಟೆಯ ಮೇಲೆ ಕೂತು ನೋಟ್‌ಪುಸ್ತಕದಲ್ಲಿ 'ಸಭೆ ರದ್ದು' ಎಂದು ಬರೆದೆ. ಅಳು ಬಂತು. ಕೆಲಸ ಹೋದರೆ ಅಮ್ಮನ ಮುಂದೆ ನಿಲ್ಲುವುದು ಹೇಗೆಂದು ತಿಳಿಯಲಿಲ್ಲ. ದೇವರೇ, ಏನಾದರೂ ದೊಡ್ಡದು ಆಗಲಿ, ಇವತ್ತೇ ಆಗಲಿ ಎಂದು ಬೇಡಿಕೊಂಡೆ. ವರದಿಗಾರರಿಗೆ 'ದೊಡ್ಡದು' ಅಂದರೇನು ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಅದನ್ನು ಮುಚ್ಚಿಟ್ಟು ಈ ಕತೆ ಹೇಳಿ ಪ್ರಯೋಜನವಿಲ್ಲ.

"ಯಾಕಮ್ಮಾ ಮಕ ಹಿಂಗ್ ಬಾಡಿಸ್ಕಂಡಿದೀಯ? ಪೇಪರ್ನೋಳಾ ನೀನು?"

ಪಕ್ಕದಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಎಡಹುಬ್ಬು ಹಳೆಯ ಗಾಯದಿಂದ ಎರಡಾಗಿತ್ತು. ನನ್ನ ಪುಸ್ತಕ ನೋಡಿ ಕೇಳಿರಬೇಕು ಅಂದುಕೊಂಡೆ.

"ಹೂನಮ್ಮ. ದೊಡ್ಡ ಸುದ್ದಿ ಸಿಗ್ಲಿಲ್ಲ ಅಂದ್ರೆ ಕೆಲ್ಸ ಹೋಯ್ತದೆ" ಅಂದೆ.

"ಬತ್ತದೆ ಬಿಡು. ಬಂದಾಗ ಹೆಸ್ರು ಸರಿಯಾಗಿ ಬರಿ. ನನ್ ಮಗುಂದು ಎಲ್ರೂ ತೆಪ್ಪು ಬರೀತಾರೆ. ಅಂಜಣ್ಣ ಅಲ್ಲ ಕಣಮ್ಮ, ಜುಂಜಣ್ಣ. ಬರ್ಕೋ."

ಅವರ ಸಮಾಧಾನಕ್ಕೆಂದು ಬರೆದುಕೊಂಡೆ. ಮಗ ಇಲ್ಲೇ ಬೈಕು ರಿಪೇರಿ ಮಾಡುತ್ತಾನೆಂದೂ "ಸಂಜೆ ಜೀಪಿಗೆ ಊರಿಗೆ ಬತ್ತಾನೆ" ಎಂದೂ ಹೇಳಿ ನನ್ನ ಮುಖವನ್ನೇ ನೋಡಿದರು. ನಾನು ಏನೋ ಹೇಳಲಿ ಎಂದು ಕಾದಂತಿತ್ತು. ನನಗೆ ನನ್ನದೇ ಚಿಂತೆ. ಸುಮ್ಮನೆ ತಲೆಯಾಡಿಸಿ ಫೋನ್ ನೋಡತೊಡಗಿದೆ. ತಲೆಯೆತ್ತಿದಾಗ ಅವರು ಇರಲಿಲ್ಲ. ನಿಲ್ದಾಣದಲ್ಲಿ ಜನ ಎದ್ದು ಹೋಗುತ್ತಲೇ ಇರುತ್ತಾರೆ. ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಸಂಜೆ ಬ್ರಹ್ಮಸಮುದ್ರದ ರಸ್ತೆಯಲ್ಲಿ ಜೀಪೊಂದು ಮಗುಚಿತು. ನಾನು ಆಟೊ ಹಿಡಿದು ಆಸ್ಪತ್ರೆಗೆ ಓಡಿದೆ. ಗಾಯಗೊಂಡವರು ಹಲವರು, ಹೋದವನು ಒಬ್ಬನೇ. ಸುದ್ದಿಗಾರರ ವಾಟ್ಸಾಪ್ ಗುಂಪಿಗೆ ಹೆಸರು ಬಂತು: ಅಂಜಣ್ಣ, ಬೈಕ್ ಮೆಕ್ಯಾನಿಕ್. ಬ್ಯಾಗಿನಿಂದ ನೋಟ್‌ಪುಸ್ತಕ ತೆಗೆದೆ. ಹೊರಗೆ ನಿಂತಿದ್ದ ಅವನ ಚಿಕ್ಕಪ್ಪನನ್ನು ಸರಿಯಾದ ಹೆಸರು ಕೇಳಿದೆ. "ಜುಂಜಣ್ಣ ಕಣಮ್ಮ" ಎಂದು ಆತ ಗೋಳಾಡಿದರು. ನನ್ನ ಪುಸ್ತಕದಲ್ಲಿ 'ಸಭೆ ರದ್ದು' ಎಂಬುದರ ಕೆಳಗೆ, ನನ್ನದೇ ಅಕ್ಷರದಲ್ಲಿ, ಆ ಹೆಸರು ಮಧ್ಯಾಹ್ನದಿಂದ ಇತ್ತು.

ವರದಿ ಕಳಿಸಿದೆ. ಮರುದಿನ ಅವರ ಊರಿಗೆ ಹೋದೆ. ಆ ತಾಯಿಯ ಕಾಲು ಹಿಡಿಯಬೇಕು ಎಂದಷ್ಟೇ ಮನಸ್ಸಿನಲ್ಲಿತ್ತು. ಜುಂಜಣ್ಣನ ಹೆಂಡತಿ ಬಾಗಿಲ ಬಳಿ ಕುಸಿದು ಕೂತಿದ್ದಳು. ನಾನು ಯಾರೆಂದು ತಿಳಿದು ತಲೆಯೆತ್ತಿದಳು.

"ಹೆಸ್ರು ನೀವೊಬ್ರೇ ಸರಿಯಾಗಿ ಹಾಕಿದ್ದು ಅಕ್ಕಾ."

"ನಿಮ್ಮತ್ತೆ ಎಲ್ಲಿ?" ಎಂದೆ.

ಅವಳು ಒಳಗೆ ಕೈ ತೋರಿಸಿದಳು. ಮಂಚದ ಮೇಲೆ ಅದೇ ಮುಖ, ಅದೇ ಎರಡಾದ ಹುಬ್ಬು. ಮೈ ಮಾತ್ರ ಕಡ್ಡಿಯಾಗಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

"ಲಕ್ವ ಹೊಡೆದು ಎರಡು ವರ್ಸ ಆಯ್ತು. ಎದ್ದೇಳಲ್ಲ, ಒಂದು ಮಾತಿಲ್ಲ. ಮಗ ಹೋಗಿದ್ದು ತಿಳ್ದೈತೋ ಇಲ್ವೋ, ಅದೂ ಗೊತ್ತಿಲ್ಲ."

ಅವರಿಗೆ ಅಕ್ಕತಂಗಿಯರು ಇದ್ದಾರಾ ಎಂದು ಕೇಳಿದೆ. ಯಾರೂ ಇಲ್ಲವೆಂದಳು. ಮಂಚದ ಹತ್ತಿರ ಕೂತು ಅವರ ಕೈ ಹಿಡಿದೆ. ಕಣ್ಣು ನನ್ನ ಕಡೆ ತಿರುಗಿತು, ಆದರೆ ಗುರುತು ಹಿಡಿದಂತೆ ಕಾಣಲಿಲ್ಲ. ನಾನು ಬೇಡಿಕೊಂಡದ್ದನ್ನು ಹೇಳಿ ಕ್ಷಮೆ ಕೇಳಬೇಕೆಂದು ಬಂದಿದ್ದೆ. ತುಂಬಿದ ಮನೆಯಲ್ಲಿ ಅದನ್ನು ಯಾರ ಮುಂದೆ ಆಡಲಿ?

ಆ ವರದಿಯನ್ನು ಮೆಚ್ಚಿ ಸಂಪಾದಕರು ಕೆಲಸ ಖಾಯಂ ಮಾಡಿದರು. ಅಲ್ಲಿಂದ ಬೆಂಗಳೂರಿಗೂ ಬಂದೆ. ಅಮ್ಮ ಬೀದಿಗೆಲ್ಲ ಸಿಹಿ ಹಂಚಿದರು. ನಾನು ತಿನ್ನಲಿಲ್ಲ.

ಬಿಸಿಲಿಗೆ, ಹಸಿವಿಗೆ ತಲೆ ಕೆಟ್ಟಿತ್ತು ಎಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಹಾಗಿದ್ದರೆ ನನಗೆ ಗೊತ್ತೇ ಇಲ್ಲದ ಹೆಸರು ಪುಸ್ತಕಕ್ಕೆ ಬಂದದ್ದು ಹೇಗೆ? ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಆ ತಾಯಿ ಹೆಸರು ಬರೆಸಲಷ್ಟೇ ಬಂದಿದ್ದರೆ ಅದು ಆಯಿತು. ಸಂಜೆಯ ಜೀಪಿನ ಮಾತು ಹೇಳಿ ನನ್ನ ಮುಖ ನೋಡುತ್ತ ಯಾಕೆ ಕಾದರು?