ರೋಸಿಯ ಹೆಸರು ಹೇಳುತ್ತಿದ್ದ ಚಾವಣಿ

ಇವತ್ತು ಪಕ್ಕದ ಮನೆಗೆ ಸುಣ್ಣ ಬಳಿಯುತ್ತಿದ್ದರು. ಆ ಹಸಿ ವಾಸನೆಗೆ ಬೀರೂರಿನ ನಮ್ಮ ಹಳೆಯ ಚರ್ಚು ಕಣ್ಮುಂದೆ ಬಂತು. ಗಾರೆಯ ದಪ್ಪ ಗೋಡೆಗಳು, ಎತ್ತರದ ಕಮಾನು ಚಾವಣಿ. ಒಳಗೆ ಕೂಗಿದರೆ ಮೇಲಿನಿಂದ ಮರುದನಿ ಬರುತ್ತಿತ್ತು. ಪೂಜೆ ಮುಗಿದದ್ದೇ ತಡ, ತಂಗಿ ರೋಸಿ ತನ್ನ ಹೆಸರನ್ನೇ ಕೂಗಿ ನಗುತ್ತಿದ್ದಳು. "ದೇವರ ಮನೇಲಿ ಕೂಗ್ಬಾರ್ದು ಕಣೇ," ಎಂದು ಅಮ್ಮ ಗದರುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಜ್ವರ ಬಂದು ರೋಸಿ ತೀರಿಕೊಂಡಳು. ಅಮ್ಮ ಅಳಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಅದಾದ ಮೇಲೆ ಒಂದು ಮಧ್ಯಾಹ್ನ ಅವಳು ಮನೆಯಲ್ಲಿ ಕಾಣದೆ ಹುಡುಕಿಕೊಂಡು ಹೋದೆ. ಖಾಲಿ ಚರ್ಚಿನ ನಡುವೆ ನಿಂತು, ತಲೆಯೆತ್ತಿ, "ರೋಸೀ..." ಎಂದು ಕೂಗುತ್ತಿದ್ದಳು. ಮೇಲಿನಿಂದ ಅದೇ ಹೆಸರು ಮೆಲ್ಲಗೆ ಇಳಿದು ಬರುತ್ತಿತ್ತು. ನನ್ನನ್ನು ಕಂಡು, "ನೀನೂ ಕೂಗೋ, ನನ್ ದನಿ ಸಾಲ್ತಿಲ್ಲ," ಎಂದಳು. ಇಬ್ಬರೂ ಸೇರಿ ಕೂಗಿದೆವು. ಆಗ ಅಮ್ಮ ಅತ್ತಳು.

ಈಗ ಆ ಗೋಡೆಗಳು ಬಿರುಕು ಬಿಟ್ಟಿವೆಯಂತೆ. ಮುಂದಿನ ವಾರ ಚರ್ಚು ಕೆಡವಿ ಹೊಸದು ಕಟ್ಟುತ್ತಾರೆ.

"ಕೊನೇ ಸಲ ನೋಡ್ಕೊಂಡ್ ಬರೋಣ, ಬಾಮ್ಮ," ಎಂದೆ.

ಅಮ್ಮ ಬೇಡವೆಂದು ತಲೆಯಾಡಿಸಿದಳು.

"ಬರಲ್ಲ ಕಣೋ. ಕೂಗಿದ್ರೆ ಓಗೊಡ್ತಾಳೆ. ಆಮೇಲೆ ಅವಳನ್ನ ಅಲ್ಲೇ ಬಿಟ್ಟು ಹೆಂಗ್ ಬರ್ಲಿ?"