ನಿಂತಲ್ಲಿ ನಿಲ್ಲದ ಮೇಷ್ಟ್ರು, ನಡುದಾರಿಯಲ್ಲಿ ನಿಲ್ಲುವ ಗಾಡಿ

ಗೋಕುಲಂನ ಏರಿನಲ್ಲಿ ಚೆಲುವರಾಜು ಮೇಷ್ಟ್ರು ಒಬ್ಬ ವಿದೇಶಿ ಹೆಂಗಸಿನ ಸೈಕಲ್ಲನ್ನು ಹಿಂದೆ ಹಾಕಿದರು. ಅಗತ್ಯವಿಲ್ಲದಿದ್ದರೂ ಒಮ್ಮೆ ಹಾರ್ನ್ ಹೊಡೆದರು. ಒಂದು ನಿಮಿಷದೊಳಗೆ ಆಕೆಯೇ ಅವರನ್ನು ಹಿಂದೆ ಹಾಕಿದಳು, ಹಾರ್ನ್ ಇಲ್ಲದೆ. ಮೇಷ್ಟ್ರ ನೂರು ಸಿಸಿ ಬೈಕು ಎರಡು ಸಲ ಕೆಮ್ಮಿ, ಮೂರನೆಯ ಕೆಮ್ಮಿಗೆ ತ್ರಾಣವಿಲ್ಲದೆ ನಿಂತುಬಿಟ್ಟಿತ್ತು. ಬೆನ್ನಿಗೆ ಯೋಗದ ಚಾಪೆ ಕಟ್ಟಿಕೊಂಡಿದ್ದ ಆ ಮಹಾತಾಯಿ ಸೈಕಲ್ಲನ್ನು ಮರಕ್ಕೆ ಒರಗಿಸಿ ವಾಪಸು ಬಂದು, ಕೇಳದೇ ಕೊಳ್ಳದೇ ಬೈಕನ್ನು ಹಿಂದಿನಿಂದ ತಳ್ಳತೊಡಗಿದಳು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕೊರಳಿಗೆ ಟೈ ತೊಟ್ಟಿದ್ದ ಮೇಷ್ಟ್ರು ಹ್ಯಾಂಡಲ್ ಹಿಡಿದು ಮುಂದೆ ಓಡಿದರು.

ಎಳನೀರು ಕೊಚ್ಚುತ್ತಿದ್ದವನು ಮಚ್ಚನ್ನು ಗಾಳಿಯಲ್ಲೇ ನಿಲ್ಲಿಸಿ, "ಏನ್ ಸಾ, ಬೈಕ್ನೂ ಯೋಗಕ್ಕೆ ಸೇರಿಸ್ಬುಟ್ರಾ?" ಎಂದ.

ಸುತ್ತ ಇದ್ದವರು ನಕ್ಕರು. ಮೇಷ್ಟ್ರು ನಗುವ ಸ್ಥಿತಿಯಲ್ಲಿರಲಿಲ್ಲ. ಒಂಬತ್ತೂವರೆಗೆ ಹೆಬ್ಬಾಳದಲ್ಲಿ ಅವರಿಗೆ ಇಂಟರ್‌ವ್ಯೂ ಇತ್ತು. ಗಡಿಯಾರ ಆಗಲೇ ಒಂಬತ್ತೂವರೆ ತೋರಿಸುತ್ತಿತ್ತು.

ಚೆಲುವರಾಜು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ವರುಣದ ಕಡೆಯ ಬೇಸಾಯಗಾರರ ಮನೆಯಿಂದ ಬಂದವರು. ಅವರಪ್ಪ ಗದ್ದೆಯಲ್ಲಿ ಆ ಬದುವಿನಿಂದ ಈ ಬದುವಿಗೆ ಎಷ್ಟು ನಡೆದಿದ್ದರೋ ಏನೋ, ಇವರು ಬೋರ್ಡಿನ ಈ ತುದಿಯಿಂದ ಆ ತುದಿಗೆ ಅಷ್ಟೇ ನಡೆದಿದ್ದಾರೆ. ಕೂತು ಪಾಠ ಮಾಡಿದ್ದನ್ನು ಕಂಡವರಿಲ್ಲ. ಮನೆಯಲ್ಲೂ ಸಾರನ್ನಕ್ಕೆ ಕೂತವರು ಮೊಸರನ್ನದ ಹೊತ್ತಿಗೆ ತಟ್ಟೆ ಹಿಡಿದು ಕಿಟಕಿಯ ಬಳಿ ನಿಂತಿರುತ್ತಾರೆ. "ಅಪ್ಪಂಗೆ ಜಡತ್ವದ ನಿಯಮ ಪಾಠ ಮಾಡೋಕೆ ಮಾತ್ರ ಬರುತ್ತೆ, ಪಾಲಿಸೋಕೆ ಬರಲ್ಲ" ಎನ್ನುವುದು ಮಗಳು ವರ್ಷಿಣಿಯ ಅಂಬೋಣ.

ಈ ಚಡಪಡಿಕೆಯೇ ಕೊನೆಗೆ ಅವರ ಅನ್ನಕ್ಕೆ ಕೈ ಹಾಕಿತು. ಟ್ಯುಟೋರಿಯಲ್ ಮಾಲೀಕ ಮೋಹನ್, ಡಿಸೆಂಬರಿನಿಂದ ಪಾಠವೆಲ್ಲ ಪರದೆಯ ಮೇಲೆ ಎಂದು ತೀರ್ಮಾನಿಸಿದ. ಎಲ್ಲ ಮೇಷ್ಟ್ರುಗಳ ಪಾಠವನ್ನೂ ಕ್ಯಾಮೆರಾದಲ್ಲಿ ಹಿಡಿದರು. ಚೆಲುವರಾಜು ಅವರದು ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಗುರುತ್ವಾಕರ್ಷಣೆಯ ಇಡೀ ಪಾಠದಲ್ಲಿ ಖಾಲಿ ಬೋರ್ಡು, ಆಗಾಗ ಹಾದುಹೋಗುವ ಒಂದು ಮೊಣಕೈ, ಅಷ್ಟೇ.

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದಿದ್ದ ಮೋಹನ್. "ನೀವು ಒಂದ್ಕಡೆ ನಿಲ್ಲಲ್ಲ. ನಿಮ್ಮನ್ನ ನಾನೆಂಗೆ ನಿಲ್ಲಿಸ್ಕೊಳ್ಳಲಿ?"

ಹಾಗಾಗಿ ಹೆಬ್ಬಾಳದ ಕಾರ್ಖಾನೆಯೊಂದರ ತರಬೇತಿ ಕೇಂದ್ರದ ಕೆಲಸಕ್ಕೆ ಅರ್ಜಿ ಹಾಕಿದ್ದರು. ಹೊಸದಾಗಿ ಸೇರುವವರಿಗೆ ಯಂತ್ರಗಳ ದೋಷ ಹುಡುಕುವುದನ್ನು ಕಲಿಸುವ ಕೆಲಸ. ನಲವತ್ತೊಂಬತ್ತು ದಾಟುತ್ತಿದ್ದ ಅವರನ್ನು ಕರೆದ ಜಾಗ ಇದೊಂದೇ. ಅಲ್ಲಿಗೆ ಅವರು ಹತ್ತೂಕಾಲಿಗೆ, ಟೈನಲ್ಲಿ ಮುಖ ಒರೆಸಿಕೊಳ್ಳುತ್ತ ತಲುಪಿದರು.

ಕೇಂದ್ರದ ಮುಖ್ಯಸ್ಥೆ ಸಂಘಮಿತ್ರ ಫೈಲು ಮುಚ್ಚುತ್ತ ಕೇಳಿದರು: "ಏನಾಯ್ತು ಸರ್?"

"ಬೈಕ್ ಕೈ ಕೊಡ್ತು ಮೇಡಂ. ಬಿಸಿಯಾದ್ರೆ ನಿಂತೋಗುತ್ತೆ."

"ಏನು ದೋಷ?"

"ಅದಿನ್ನೂ ಗೊತ್ತಾಗಿಲ್ಲ."

ದೋಷ ಹುಡುಕುವುದನ್ನು ಕಲಿಸಲು ಬಂದವರನ್ನು ಆಕೆ ಒಂದು ಕ್ಷಣ ದಿಟ್ಟಿಸಿದರು. "ಶುಕ್ರವಾರ ಒಂಬತ್ತೂವರೆಗೆ ಬಂದು ಒಂದು ಡೆಮೊ ಪಾಠ ಮಾಡಿ. ಮತ್ತೆ ಇನ್ನೊಂದು ಸಲ ಕರೆಯೋಕಾಗಲ್ಲ, ನೋಡಿ."

ಅಂದು ಸೋಮವಾರ.

ಗಾಡಿಗೆ ಈ ರೋಗ ತಗಲಿದ್ದು ದಸರಾ ಮುಗಿದ ವಾರದಿಂದ. ಮನೆಯಿಂದ ಹೊರಡುವಾಗ ಚಿಗರೆ, ಹನ್ನೆರಡು ಹದಿಮೂರು ನಿಮಿಷಕ್ಕೆ ಎಮ್ಮೆ, ಆಮೇಲೆ ಬಂಡೆ. ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಿ, ಸ್ವಲ್ಪ ಸುಧಾರಿಸಿಕೊಂಡು ಒದ್ದರೆ ಮತ್ತೆ ಚಿಗರೆ. ವೇಗ ಇಳಿದಷ್ಟೂ ಮೇಷ್ಟ್ರ ಉದ್ವೇಗ ಏರುತ್ತಿತ್ತು. ತಾಪದಿಂದ ಬರುವ ತೊಂದರೆಗೆ ಹಿರಿಯರು ತಾಪತ್ರಯ ಎಂದು ಹೆಸರಿಟ್ಟದ್ದು ಸರಿಯಾಗಿಯೇ ಇದೆ ಎಂದುಕೊಂಡರು.

ಮನೆ ಹಿಂದಿನ ಸಂದಿಯ ಮೆಕ್ಯಾನಿಕ್ ದೇವರಾಜುಗೂ ಹಾಗೆಯೇ ಹೇಳಿದ್ದರು: ಬಿಸಿಯಾದರೆ ನಿಲ್ಲುತ್ತದೆ. ದೇವರಾಜು ಪ್ಲಗ್ ಬದಲಿಸಿದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಮಂಗಳವಾರ ಇಗ್ನಿಷನ್ ಕಾಯಿಲ್ ಬದಲಿಸಿದ.

"ಕಾಯಿಲ್ ಬಿಸಿ ಏರುದ್ರೆ ಕಿಡಿ ಕೊಡಾಕಿಲ್ಲ ಸಾ. ಇದೇಯ."

ಅದೇ ಅಲ್ಲ. ಮಂಗಳವಾರ ಸಂಜೆಯೂ ಕುಕ್ಕರಹಳ್ಳಿ ಕೆರೆಯ ಬಳಿ ಬೈಕು ಕಾಲು ಚಾಚಿತು.

"ಅಂಗಾರೆ ಎಂಜಿನ್ನೇ ಬಿಚ್ಬೇಕು," ಎಂದ ದೇವರಾಜು. "ಶನಿವಾರ ಕೊಡ್ತೀನಿ, ಬುಟ್ಟೋಗಿ ಸಾ."

"ಶುಕ್ರವಾರ ನನ್ ಜೀವನಾನೇ ಇದೆ ಕಣಯ್ಯ ಅಲ್ಲಿ!"

"ಜೀವ್ನ ಶುಕ್ರವಾರ ಇದ್ರೂ ಪಿಸ್ಟನ್ ಶನಿವಾರವೇ ಬರಾದು ಸಾ."

ಬುಧವಾರ ಬೆಳಿಗ್ಗೆ ಮೇಷ್ಟ್ರು ಹಜಾರದಲ್ಲಿ ಶತಪಥ ಹಾಕುತ್ತಿದ್ದರು. ಹೆಂಡತಿ ವಸಂತಮ್ಮ ಅವರಿಗೆ ಅಡ್ಡಬರದಂತೆ ಕಸ ಗುಡಿಸುವ ವಿದ್ಯೆಯನ್ನು ಇಪ್ಪತ್ತು ವರ್ಷದಲ್ಲಿ ಕರಗತ ಮಾಡಿಕೊಂಡವರು.

"ಆಟೋದಲ್ಲಿ ಹೋಗ್ಬನ್ನಿ ಅಂದ್ರೆ ಏನ್ರೀ ಕಷ್ಟ?"

"ಹೋಗ್ಬೋದು. ಹೋದ ತಕ್ಷಣ ಆಯಮ್ಮ ಕೇಳೋದೇ ಅದನ್ನ, ಬೈಕ್ ದೋಷ ಸಿಕ್ತಾ ಅಂತ. ಇಲ್ಲ ಅಂದ್ರೆ ಪಾಠ ಎಲ್ಲಿಂದ ಶುರು ಮಾಡ್ಲಿ?"

"ಮಕ್ಕಳಿಗೆ ಏನ್ ಹೇಳ್ತೀರೋ ಅದನ್ನೇ ನೀವೂ ಮಾಡಿ. ಒಂದ್ಕಡೆ ಕೂತ್ಕೊಂಡು ಯೋಚ್ನೆ ಮಾಡಿ."

ಕೂರಲು ಆಗಲಿಲ್ಲ. ಆದರೆ ಮಕ್ಕಳಿಗೆ ತಾವು ದಿನಾ ಹೇಳುವುದು ಇನ್ನೊಂದಿತ್ತು, ಅದು ನೆನಪಾಯಿತು: ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನು ಬರೆಯಬೇಡಿ. ಕಂಡದ್ದೇನು? ಹನ್ನೆರಡು ನಿಮಿಷ ಓಡಿ ನಿಲ್ಲುತ್ತದೆ. ಬಿಸಿಯಾಗಿದ್ದರಿಂದ ನಿಲ್ಲುತ್ತದೆ ಎಂಬುದನ್ನು ಕಂಡವರು ಯಾರು? ಅವರೇ ಅಂದುಕೊಂಡದ್ದು. ಅದನ್ನೇ ಬಾಯಲ್ಲಿಟ್ಟುಕೊಂಡು ಹೋಗಿ ದೇವರಾಜುವಿನ ತಲೆಯಲ್ಲಿಟ್ಟು ಬಂದಿದ್ದರು.

ಬೈಕನ್ನು ಮನೆಯ ಮುಂದೆ ಸ್ಟ್ಯಾಂಡ್ ಹಾಕಿ ಎಂಜಿನ್ ಶುರು ಮಾಡಿಬಿಟ್ಟರು. ಅರ್ಧ ಗಂಟೆ ಕಳೆಯಿತು. ಎಂಜಿನ್ನಿನ ಮೇಲೆ ನೀರು ಚಿಮುಕಿಸಿದರೆ ದೋಸೆ ಹೆಂಚಿನಂತೆ ಚುಂಯ್ ಎಂದಿತು. ಎದುರು ಮನೆಯ ಮಹದೇವಮ್ಮ ಕಾಂಪೌಂಡಿನಿಂದ ಬಗ್ಗಿ, "ಏನ್ ಮೇಷ್ಟ್ರೇ, ಹೊಗೆ ಹಾಕಿ ಸೊಳ್ಳೆ ಓಡುಸ್ತಿದ್ದೀರಾ?" ಎಂದು ವಿಚಾರಿಸಿದರು. ಗಾಡಿ ಮಾತ್ರ ನಿಲ್ಲಲೇ ಇಲ್ಲ. ಬಿಸಿಯೇ ಕಾರಣವಾಗಿದ್ದರೆ ಅಷ್ಟು ಹೊತ್ತಿಗೆ ಅದು ಸತ್ತು ತಿಥಿಯೂ ಮುಗಿಯಬೇಕಿತ್ತು.

ಹಾಗಾದರೆ ನಿಂತು ಉರಿದಾಗ ಆಗದ್ದು, ಓಡಿದಾಗ ಏನಾಗುತ್ತದೆ? ಪೆಟ್ರೋಲು ಬೇಗ ಬೇಗ ಖರ್ಚಾಗುತ್ತದೆ. ಮೇಷ್ಟ್ರು ಹೆಲ್ಮೆಟ್ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಹದಿಮೂರನೆಯ ನಿಮಿಷಕ್ಕೆ, ಪಡುವಾರಹಳ್ಳಿಯಲ್ಲಿ, ಒಂದು ಕಬ್ಬಿನ ಹಾಲಿನ ಗಾಡಿಯ ಪಕ್ಕ ಬೈಕು ನಿಂತಿತು. ಈ ಸಲ ಅವರು ಮುಚ್ಚಳ ಮುಟ್ಟಲಿಲ್ಲ. ಗಡಿಯಾರ ನೋಡುತ್ತ ಐದು ನಿಮಿಷ ಕಾದರು. ಅವರ ಪಾಲಿಗೆ ಅದು ತಪಸ್ಸು. ಒದ್ದರೆ ಬೈಕು ಅರ್ಧ ಫರ್ಲಾಂಗು ನಡೆದು ಮತ್ತೆ ಕೂತಿತು. ಆಗ ಬೀಗದ ಕೈ ತಿರುಗಿಸಿ ಮುಚ್ಚಳ ಎತ್ತಿದರು.

ಸುಸ್ಸ್... ಎಂದು ಟ್ಯಾಂಕು ಗಾಳಿ ಒಳಗೆಳೆದುಕೊಂಡಿತು.

ಒದ್ದರು. ಚಿಗರೆ!

ಒಂದು ತಿಂಗಳಿನಿಂದ ಬೈಕು ಸುಧಾರಿಸಿಕೊಳ್ಳುತ್ತಿದ್ದುದು ತಣ್ಣಗಾಗಿ ಅಲ್ಲ. ಪೆಟ್ರೋಲ್ ನೋಡಲೆಂದು ಅವರು ಮುಚ್ಚಳ ತೆಗೆಯುತ್ತಿದ್ದುದರಿಂದ. ಟ್ಯಾಂಕಿನಿಂದ ಪೆಟ್ರೋಲ್ ಕೆಳಗಿಳಿಯಬೇಕಾದರೆ ಖಾಲಿಯಾದಷ್ಟು ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಒತ್ತಡದ ಅಧ್ಯಾಯದಲ್ಲಿ ಇದನ್ನು ಅವರು ಇಪ್ಪತ್ತೆರಡು ಸಲ ಹೇಳಿದ್ದರು, ಎಣ್ಣೆ ಡಬ್ಬದ ಉದಾಹರಣೆ ಕೊಟ್ಟು.

ಮುಚ್ಚಳವನ್ನು ಕಣ್ಣಿನ ಹತ್ತಿರ ತಂದರು. ಬೀಗದ ಕಿಂಡಿಯ ಪಕ್ಕದ ತೂತಿನಲ್ಲಿ ಕೆಂಪಗೆ, ಗಾರೆಯಂತೆ ಗಟ್ಟಿಯಾಗಿ, ಗಂಧದಲ್ಲಿ ಕಲಸಿದ ಕುಂಕುಮ.

ಆಯುಧಪೂಜೆಯ ದಿನ ವಸಂತಮ್ಮ ಎಂದಿನಂತೆ ಹೆಡ್‌ಲೈಟಿಗೆ ಬೊಟ್ಟಿಡಲು ಹೋದಾಗ, "ಗಾಜಿಗೆ ಬಳಿದ್ರೆ ಬೆಳಕು ಚದುರುತ್ತೆ ಕಣೆ, ಅದರ ಬದಲು ಟ್ಯಾಂಕ್ ಮುಚ್ಚಳಕ್ಕಿಡು" ಎಂದು ತಡೆದದ್ದು ಇವರೇ. ಆಕೆ ಧಾರಾಳವಾಗಿಟ್ಟರು. ಬೀಗದ ಕೈ ಹೋಗಲಿಲ್ಲವೆಂದು ಹೆಬ್ಬೆರಳಿನಿಂದ ಕಿಂಡಿಯ ಮೇಲಿನದನ್ನು ಪಕ್ಕಕ್ಕೆ ತಿಕ್ಕಿದ್ದೂ ಇವರೇ. ಪೂಜೆಯ ಕುಂಕುಮ ತಾನಾಗಿ ಹೋಗಬೇಕು, ತೊಳೆಯಬಾರದು ಎಂಬುದು ಮನೆಯ ಪದ್ಧತಿ. ಯಾರೂ ತೊಳೆದಿರಲಿಲ್ಲ.

ಮೇಷ್ಟ್ರು ಕಬ್ಬಿನ ಹಾಲಿನವನ ಹತ್ತಿರ ಒಂದು ಪಿನ್ನು ಇಸಿದುಕೊಂಡು ತೂತು ಬಿಡಿಸಿದರು. ಆಮೇಲೆ ಬೈಕನ್ನು ರಿಂಗ್ ರೋಡಿಗೆ ಹತ್ತಿಸಿ ಮುಕ್ಕಾಲು ಗಂಟೆ ಸುಮ್ಮನೆ ಸುತ್ತಿದರು. ಎಲ್ಲೂ ನಿಲ್ಲಲಿಲ್ಲ, ಇಬ್ಬರೂ.

ಶುಕ್ರವಾರ ಒಂಬತ್ತು ಗಂಟೆಗೇ ಹೆಬ್ಬಾಳ ತಲುಪಿ, ಆವರಣವನ್ನು ಆರು ಸುತ್ತು ಹಾಕಿ, ಕರೆಯುವುದರೊಳಗೆ ಮುಚ್ಚಳವನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಡೆಮೊ ಪಾಠಕ್ಕೆ ಅದೇ ಸಾಕಾಯಿತು. ಹೊಸಬರು ಇಪ್ಪತ್ತು ಮಂದಿ, ಸಂಘಮಿತ್ರ, ಇನ್ನಿಬ್ಬರು ಅಧಿಕಾರಿಗಳು ಬೆಂಚುಗಳಲ್ಲಿ ಕೂತು, ಟೆನಿಸ್ ಆಟ ನೋಡುವವರಂತೆ ಕತ್ತನ್ನು ಅತ್ತಿಂದಿತ್ತ ತಿರುಗಿಸುತ್ತ ಕೇಳಿದರು. ಅಂದುಕೊಂಡದ್ದನ್ನು ಕಂಡದ್ದೆಂದು ಹೇಳಿದ್ದು, ಬದಲಿಸಿದ ಕಾಯಿಲ್, ಬೆಳಕು ಚದುರುವ ತಮ್ಮ ಭೌತಶಾಸ್ತ್ರ, ಯಾವುದನ್ನೂ ಮುಚ್ಚಿಡಲಿಲ್ಲ. ಸುಸ್ಸ್ ಎಂಬಲ್ಲಿಗೆ ಬಂದಾಗ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿದ್ದರು.

ಪಾಠ ಮುಗಿದ ಮೇಲೆ ಮೂವರು ಅಧಿಕಾರಿಗಳು ತಲೆ ಸೇರಿಸಿ ಪಿಸುಗುಟ್ಟಿದರು. ಸಂಘಮಿತ್ರ ಎದ್ದು ಬಂದು ಕೈಕುಲುಕಿದರು. ಅವರ ಅಂಗೈಗೂ ಚೂರು ಕುಂಕುಮ ಅಂಟಿತು.

"ಸೋಮವಾರ ಆರ್ಡರ್ ಕಳಿಸ್ತೀವಿ ಸರ್. ಒಂದು ಮಾತು, ಫೈಲಲ್ಲಿ ಬರೆಯೋಕೆ ಕೇಳ್ತಿದ್ದೀನಿ. ಇಷ್ಟು ವರ್ಷದ ಅನುಭವ ಇಟ್ಕೊಂಡು ಬೇರೆಲ್ಲಾದ್ರೂ ಪ್ರಯತ್ನಿಸಬಹುದಿತ್ತು. ನಮ್ಮ ಕೇಂದ್ರಕ್ಕೇ ಬರಬೇಕು ಅಂತ ಯಾಕೆ ಅನ್ನಿಸ್ತು?"

ಬಾಗಿಲ ಕಡೆಗೆ ಆಗಲೇ ಎರಡು ಹೆಜ್ಜೆ ಇಟ್ಟಿದ್ದ ಮೇಷ್ಟ್ರು ಪ್ರಾಮಾಣಿಕವಾಗಿ ಒಂದು ಕ್ಷಣ ಯೋಚಿಸಿದರು.

"ನಿಮ್ಮ ಸ್ಟಾಫ್ ಬಸ್ಸು ನಮ್ಮನೆ ಮುಂದೇನೇ ನಿಲ್ಲುತ್ತೆ ಮೇಡಂ."