ಬಾಯಿ ತುಂಬ ತಂಬಾಕಿದ್ದ ಕಾಕಾ

ತೊಂಬತ್ತರ ದಶಕದಲ್ಲಿ ನಾನು ನಿಡಗುಂದಿಯ ಕಾಕಾನ ಮನೆಯಲ್ಲಿದ್ದು ಬಸವನ ಬಾಗೇವಾಡಿಯ ಕಾಲೇಜಿಗೆ ಹೋಗಿಬರುತ್ತಿದ್ದೆ. ಅಪ್ಪನ ತಮ್ಮನಾದ ಕಾಕಾ ಆಲಮಟ್ಟಿಯ ಪುನರ್ವಸತಿ ಕಚೇರಿಯಲ್ಲಿ ಗುಮಾಸ್ತ. ಚಹಾ ಕುಡಿಯುವವರನ್ನೂ ಹಾದಿ ತಪ್ಪಿದವರೆಂದು ತಿಳಿದ ಮನುಷ್ಯ.

ಆಣೆಕಟ್ಟಿನ ನೀರಿಗೆ ಮುಳುಗುವ ಊರುಗಳ ಜನ ಪರಿಹಾರ ಸಿಗದೆ ದಿನ ಬೆಳಗಾದರೆ ಕಾಕಾನ ಮೇಜಿನ ಮುಂದೆ ನಿಂತು ಬೈಯುತ್ತಿದ್ದರು. ಸಿಟ್ಟು ನ್ಯಾಯದ್ದೇ, ಆದರೆ ಎದುರಿಗೆ ಸಿಗುತ್ತಿದ್ದವರು ಕಾಕಾ. ವರ್ಷಗಟ್ಟಲೆ ಬೈಸಿಕೊಂಡ ಮೇಲೆ ಅವರ ನಿದ್ದೆ ಹಾರಿಹೋಯಿತು. ಆಗ ಜೊತೆಗಾರರೊಬ್ಬರು, “ಒಂದೀಟು ಹಾಕ್ಕೋರಿ, ತಲಿ ಹಗುರಾಗ್ತೈತಿ” ಎಂದು ತಂಬಾಕು ಕೊಟ್ಟರು. ಆ ಜೊತೆಗಾರರು ಬೇಕಾದಾಗ ಹಾಕುತ್ತಿದ್ದರು, ಬೇಡವಾದಾಗ ಬಿಡುತ್ತಿದ್ದರು. ಕಾಕಾನಿಗೆ ಮಾತ್ರ ಅದು ಅಂಟಿಕೊಂಡುಬಿಟ್ಟಿತು.

ಅವರು ಬಚ್ಚಿಟ್ಟ ತಂಬಾಕನ್ನು ಕಾಕಿ ಹಿಟ್ಟಿನ ಡಬ್ಬಿಯಿಂದ ಹಿಡಿದು ಎಲ್ಲ ಕಡೆ ಹುಡುಕುತ್ತಿದ್ದಳು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಕೊಡೆ ಬಿಚ್ಚಿದಾಗ ತಂಬಾಕಿನ ಪೊಟ್ಟಣಗಳು ಅವರ ತಲೆಯ ಮೇಲೆಯೇ ಉದುರಿದವು. ಇಷ್ಟಾದರೂ ಉಪದೇಶ ನಿಂತಿರಲಿಲ್ಲ. ರಸ ಚೆಲ್ಲದಂತೆ ಗದ್ದ ಮೇಲೆತ್ತಿ ನನಗೆ, “ಟಹಾ ಕುಡೀಬ್ಯಾಡವ್ವಾ” ಎನ್ನುತ್ತಿದ್ದರು.

ಮುದ್ದೇಬಿಹಾಳದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. “ಇವತ್ತ ಬಾಯಾಗ ಏನರೆ ಹಾಕ್ಕೊಂಡ್ರ ನಾ ತವರಿಗೆ ಹೋಗ್ತೇನಿ” ಎಂದಳು ಕಾಕಿ. ಕಾಕಾ ಮಾತು ಕೊಟ್ಟರು. ಅಷ್ಟರಲ್ಲಿ ಮುಳುಗುವ ಊರುಗಳ ನಾಲ್ಕಾರು ಜನ ಮನೆಯನ್ನೇ ಹುಡುಕಿಕೊಂಡು ಬಂದು ಬಾಗಿಲಲ್ಲಿ ಬೈದು ಹೋದರು. ಬೀಗರು ಒಳಗೆ ಬಂದಾಗ ಕಾಕಾನ ಬಾಯಿ ತುಂಬಿತ್ತು.

“ಹುಡುಗಿಗೆ ಅಡಿಗಿ ಬರ್ತೈತೇನ್ರಿ?” ಗಂಡಿನ ತಂದೆ ಕಾಕಾನನ್ನು ಕೇಳಿದರು.

“ಹೂಂ.”

“ಹಾಡ ಬರ್ತಾವೇನ್ರಿ?”

“ಹೂಂ.”

ನನಗೆ ಹಾಡು ಬರುತ್ತಿರಲಿಲ್ಲ. ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನು ಶುರುಮಾಡಿದೆ. ಎರಡನೆಯ ಸಾಲಿಗೆ ಗಂಡಿನ ತಾಯಿ, “ಸಾಕ ಬಿಡವ್ವ, ದಣಿಬ್ಯಾಡ” ಎಂದರು.

ಕಾಕಾ ತಡೆಯಲಾರದೆ ಹಿತ್ತಿಲಿಗೆ ಓಡಿದರು. ಗಂಡಿನ ತಂದೆಯೂ ಎದ್ದು ಹಿಂದೆಯೇ ಹೋದರು. ಕಿಟಕಿಯಿಂದ ನೋಡಿದರೆ ಇಬ್ಬರೂ ಒಂದೇ ಗೋಡೆಯ ಬಳಿ ಬಗ್ಗಿ ಉಗುಳುತ್ತಿದ್ದರು.

ಕಾಕಿಗೆ ನೆಲ ಬಿರಿಯಬಾರದೇ ಅನ್ನಿಸಿತು. “ಮೊದಲ ಇವ್ರು ಹಿಂಗ ಇರ್ಲಿಲ್ರಿ. ಆಫೀಸಿನ್ಯಾಗ ಮೇಜಿನ ಮುಂದ ದಿನಾ ಜನ ಬೈದು ಬೈದು ನಿದ್ದಿ ಬರದಂಗಾತ್ರಿ.”

ನನ್ನನ್ನು ನೋಡಲು ಬಂದ ಹುಡುಗ ದವಾಖಾನೆಯ ಡಾಕ್ಟರು. ಅವರು ನಗಲಿಲ್ಲ. “ದಿನಾ ಚಿಂತ್ಯಾಗ ಇದ್ರ ಮಿದುಳು ಬದಲಾಗ್ತೈತ್ರಿ. ಬ್ಯಾಡ ಅಂತ ತಡಿಯೋ ಶಕ್ತಿ ಸೊರಗತೈತಿ. ಒಂದೀಟು ಸಮಾಧಾನ ಸಿಕ್ಕರೂ ಅದನ್ನ ಗಟ್ಟಿ ಹಿಡೀತೈತಿ. ನೆಮ್ಮದಿ ಇದ್ದವ್ರಿಗಿಂತ ಇಂಥವ್ರಿಗೆ ಚಟ ಲಗೂನ ಹತ್ತತೈತಿ.”

“ಗುಳಿಗಿ ಐತೇನ್ರಿ?” ಕಾಕಿ ಕೇಳಿದಳು.

“ಮೊದಲ ಆ ಮೇಜಿನ ಮುಂದಿಂದ ಎಬ್ಬಿಸ್ರಿ.”

ಅವರು ಹೋದ ಮೇಲೆ ಯಾರೂ ಕೇಳುವ ಮೊದಲೇ ನಾನು ಒಪ್ಪಿಗೆ ಹೇಳಿಬಿಟ್ಟೆ. ಕಾಕಾ ಹೂವಿನ ಹಿಪ್ಪರಗಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಅವರನ್ನು ಬೈಯುವವರಿರಲಿಲ್ಲ. ನಿದ್ದೆ ಬಂತು. ತಂಬಾಕು ಒಂದೇ ಏಟಿಗೆ ಹೋಗಲಿಲ್ಲ, ಸಾಹೇಬರು ತಪಾಸಣೆಗೆ ಬಂದಾಗಲೆಲ್ಲ ಕೈ ಜೇಬಿಗೆ ಹೋಗುತ್ತಿತ್ತು. ಬಿಟ್ಟು ಹಿಡಿದು, ಹಿಡಿದು ಬಿಟ್ಟು, ಕೊನೆಗೆ ಪೂರ್ತಿ ಬಿಟ್ಟರು.

ಹಿತ್ತಿಲಲ್ಲಿ ಕಾಕಾನ ಜೊತೆ ಉಗುಳಿದ್ದ ನನ್ನ ಮಾವ ಮಾತ್ರ ಬಿಡಲಿಲ್ಲ. “ನನಗೆಂಥಾ ಚಿಂತಿ? ನಾ ಆರಾಮ ಅದೇನಿ” ಎನ್ನುತ್ತಿದ್ದರು. ಅದನ್ನು ಕೇಳಿದ ನಮ್ಮತ್ತೆ ಒಳಗೆ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದರು. ಆ ಸದ್ದಿಗೆ ಮಾವನ ಕೈ ಜೇಬಿಗೆ ಹೋಗುತ್ತಿತ್ತು.